ಎರಡನೆಯ ಮುದ್ರೆ

ಗುರುಪುತ್ರಪ್ಪ ಸಾವಕಾರನ ಮೊಮ್ಮಗ ತಾನಾಗಿಯೇ ಅಂಗಡಿಗೆ ನಡೆದುಬಂದ. ಆ ಮನೆತನಕ್ಕೆ ಎಲ್ಲಿ, ಹೇಗೆ ಪೆಟ್ಟು ಕೊಡಲಿ ಎಂದು ಪ್ರಮಿಳಾ ನಲವತ್ತೈದು ವರ್ಷ ಹಲ್ಲು ಕಚ್ಚಿ ಕಾದಿದ್ದಳು. ಕಾಣದ ದೇವರಿಗೆಲ್ಲ ಹರಕೆ ಹೊತ್ತಿದ್ದಳು. ಕೊನೆಗೆ ನೋಡಿದರೆ ಆ ಮನೆಯ ಕುಡಿಯೇ ಕಾರು ನಿಲ್ಲಿಸಲು ಜಾಗ ಸಿಗದೆ ಗಲ್ಲಿಗೆ ಎರಡು ಸುತ್ತು ಹೊಡೆದು, ಬೆವರು ಒರೆಸಿಕೊಳ್ಳುತ್ತ ಅವಳ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಂದು ಕೂತಿತು.

ಬೆಳಗಾವಿಯ ಕ್ಯಾಂಪಿಗೆ ಹೊಂದಿಕೊಂಡ ಗಲ್ಲಿಯಲ್ಲಿ ಅಕ್ಕ ತಮ್ಮ ಸೇರಿ ನಡೆಸುವ ಬೋರ್ಡಿನ ಅಂಗಡಿ ಅದು. ತಮ್ಮ ಕಲ್ಮೇಶ ಯಂತ್ರ ನೋಡಿಕೊಳ್ಳುತ್ತಿದ್ದ. ಅಕ್ಷರ ಜೋಡಿಸುವುದು, ತಪ್ಪು ತಿದ್ದುವುದು, ಗಿರಾಕಿಗೆ ಬರೆಯಲು ಬಾರದಿದ್ದರೆ ತಾನೇ ಬರೆದುಕೊಡುವುದು ಪ್ರಮಿಳಾಳ ಪಾಲಿನ ಕೆಲಸ. ಯಾರ ಹುಟ್ಟುಹಬ್ಬ, ಯಾರ ಶ್ರದ್ಧಾಂಜಲಿ, ಯಾರ ಸೈಟು ಮಾರಾಟಕ್ಕಿದೆ ಎಂಬುದು ಊರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು.

"ನಮಸ್ಕಾರ್ರಿ ಅಕ್ಕಾರ," ಎಂದ ಹುಡುಗ. ಹುಡುಗನೆಂದರೆ ಮೂವತ್ತರ ಮೇಲಿನವನೇ. ನಗುಮುಖ, ಮಾತಿನಲ್ಲಿ ಮರ್ಯಾದೆ. "ಜಾಂಬೋಟಿ ರಸ್ತಾದಾಗ ಮತ್ತಿಗಾಳಿ ಅಂತ ಊರೈತಿ. ಅಲ್ಲಿ ನಮ್ಮದೊಂದು ರೆಸಾರ್ಟ್ ಶುರು ಆಗಾಕತ್ತೈತಿ. ಚೋರ್ಲಾ ಘಾಟ್ ಇಳದು ಗೋವಾಕ್ಕ ಹೋಗೂ ಮಂದಿ ಎಲ್ಲಾ ಅದೇ ದಾರಿಗೆ ಹೋಗ್ತಾರಲ್ರಿ. ಮದಲ ಆ ಹೊಳಿ ದಂಡಿಗುಂಟ ನಾಟಾ ಕಡಿಯೂ ಊರುಗಳಿದ್ವು. ಅವುಗಳ ಇತಿಹಾಸ ಹೇಳೂವಂಥ ಏಳು ಬೋರ್ಡ್ ಬೇಕಾಗ್ಯಾವು."

"ಯಾರ ಮನಿಯವ್ರ್ರಿ ನೀವು?"

"ಖಾನಾಪುರದ ಗುರುಪುತ್ರಪ್ಪ ಸಾವ್ಕಾರ್ರ ಮೊಮ್ಮಗ. ಗೌರೀಶ."

ಪ್ರಮಿಳಾಳ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಒಳಗೆ ಯಂತ್ರದ ಹತ್ತಿರ ಕಲ್ಮೇಶ ತಲೆ ಎತ್ತಿ ನೋಡಿದ.

ಗೌರೀಶ ಇದೊಂದನ್ನೂ ಗಮನಿಸಲಿಲ್ಲ. ಖಾನಾಪುರದ ತಮ್ಮ ಹಳೆಯ ವಾಡೆ ಕೆಡವಿದ್ದನ್ನೂ ಅದರ ಎಂಟು ಸಾಗವಾನಿ ಕಂಬಗಳನ್ನು ರೆಸಾರ್ಟಿಗೆ ಸಾಗಿಸಿದ್ದನ್ನೂ ಹುರುಪಿನಿಂದ ಹೇಳತೊಡಗಿದ. ಐದನ್ನು ಬಾಗಿಲಲ್ಲಿ ನಿಲ್ಲಿಸಿದ್ದಾನೆ. ಮೂರನ್ನು ಹಾದಿಯ ಬದಿಗೆ ಮಲಗಿಸಿ, ಕೂರುವ ಕಟ್ಟೆ ಮಾಡಿದ್ದಾನೆ. "ಬುಡದಾಗ ಹಳೀ ಕಾಲದ ಛಾಪ ಅದಾವ್ರಿ, ಎಲಿ ಇದ್ದಂಗ. ಎಣ್ಣಿ ಹಚ್ಚಿ ಪಾಲಿಶ್ ಮಾಡ್ಸಿ ಲೈಟ್ ಬಿಟ್ಟೇನಿ. ಭಾರಿ ಕಾಣ್ತಾವು. ಅಜ್ಜಾರ್ಗೆ ಹೇಳಿಲ್ಲ, ಸರ್ಪ್ರೈಜ್. ಅವರ್ಗೆ ತೊಂಬತ್ತು ತುಂಬತಾವು, ಅವತ್ತ ಉದ್ಘಾಟನಾ."

"ಬರಿಯೂದು ನನಗ ಬಿಡ್ರಿ," ಎಂದಳು ಪ್ರಮಿಳಾ. "ನಾ ಆ ಕಡೀ ಊರಾಕೀನ. ಬರದದ್ದಕ್ಕ ರೊಕ್ಕ ಬ್ಯಾಡ."

ಮತ್ತಿಗಾಳಿಯೆಂದರೆ ಈಗ ಮಲಪ್ರಭೆಯ ದಂಡೆಯ ಮೇಲೆ ಮೂವತ್ತು ಮನೆ, ಒಂದು ಚಹಾದಂಗಡಿ. ಪ್ರಮಿಳಾ ಸಣ್ಣವಳಿದ್ದಾಗ ಅಲ್ಲಿ ಮರದ ದಿಮ್ಮಿ ಕೂಡಿಡುವ ಸರ್ಕಾರಿ ನಾಟಾ ಡಿಪೋ, ಎರಡು ಕೊಯ್ಯುವ ಗಿರಣಿ, ಖಾನಾವಳಿ, ಲಾರಿ ರಿಪೇರಿ, ಬೇಸಿಗೆಯಲ್ಲಿ ಸಿನಿಮಾದ ತಂಬು ಎಲ್ಲವೂ ಇದ್ದವು. ಹೊಳೆಗುಂಟ ಅಂಥವೇ ಇನ್ನೂ ನಾಲ್ಕೈದು ಊರು. ಕಾಡಿನಲ್ಲಿ ಬಿದ್ದ ಸಾಗವಾನಿ, ಹೊನ್ನೆ, ಮತ್ತಿ ಮರಗಳು ಉರುಳಿ ಬಂದು ಅಲ್ಲಿ ಸಾಲು ಮಲಗುತ್ತಿದ್ದವು. ಹಿಂದಿನವರು ಒಣಗಿದ ದಿಮ್ಮಿಗಳನ್ನು ಮಳೆಗಾಲದ ಹೊಳೆಗೆ ಬಿಟ್ಟು ಖಾನಾಪುರದ ರೈಲಿಗೆ ಮುಟ್ಟಿಸುತ್ತಿದ್ದರಂತೆ. ಪ್ರಮಿಳಾ ಹುಟ್ಟುವ ಹೊತ್ತಿಗೆ ಲಾರಿ ಬಂದಿತ್ತು. ಹಮಾಲರು ಕನ್ನಡದಲ್ಲಿ ಶುರು ಮಾಡಿದ ಬೈಗುಳವನ್ನು ಮರಾಠಿಯಲ್ಲಿ ಬೆಳೆಸಿ ಕೊಂಕಣಿಯಲ್ಲಿ ಮುಗಿಸುತ್ತಿದ್ದರು. ಕಾಡು ಕಡಿಯುವುದು ನಿಂತಿತು, ಊರುಗಳೂ ನಿಂತವು. ಗಿರಣಿಯ ಗಾಲಿಗಳು ಗುಜರಿಗೆ ಹೋದವು, ಮಂದಿ ಸಿಕ್ಕ ಬಸ್ಸು ಹತ್ತಿದರು.

ಅವಳ ಅಪ್ಪ ಸೋಮಲಿಂಗ ಆ ಡಿಪೋದ ಕಾವಲುಗಾರ. ಅವನ ಸುಪರ್ದಿನಲ್ಲಿ ಎರಡು ಸುತ್ತಿಗೆಗಳಿದ್ದವು. ದಿಮ್ಮಿ ಡಿಪೋಕ್ಕೆ ಬಂದ ಕೂಡಲೇ ಅದರ ಬುಡದ ಕೊಯ್ತದ ನಟ್ಟನಡುವೆ ನಂಬರು ಕೊರೆದು, ಮೊದಲ ಸುತ್ತಿಗೆಯಿಂದ ಒಂದು ಏಟು. ಚೌಕದೊಳಗೆ ಒಂದು ಎಲೆ ಮೂಡುತ್ತಿತ್ತು. ಇದು ಸರ್ಕಾರದ ಮಾಲು ಎಂದು ಅರ್ಥ. ಲಿಲಾವಿನಲ್ಲಿ ಹರಾಜು ಮುಗಿದು, ಕೊಂಡವನು ಮಾಲು ಎತ್ತುವ ದಿನ ಅದರ ಮಗ್ಗುಲಿಗೇ ಎರಡನೆಯ ಸುತ್ತಿಗೆಯ ಏಟು, ಗುಂಡಗಿನ ಪಾಸ್ ಮುದ್ರೆ. ಎರಡೂ ಇದ್ದರೆ ಮಾರಿದ ಮಾಲು. ಎಲೆ ಮಾತ್ರ ಇದ್ದು ದಿಮ್ಮಿ ಹೊರಗೆ ಸಿಕ್ಕರೆ ಕದ್ದ ಮಾಲು. ಸಾಲೆಯ ಮುಖ ನೋಡದ ಹಮಾಲನೂ ಇದನ್ನು ಓದಬಲ್ಲವನಾಗಿದ್ದ. ಸಾವಕಾರರಿಗೆ ಗೊತ್ತಿತ್ತು, ಆದರೆ ಅವರ ಮೊಮ್ಮಕ್ಕಳಿಗೆ ಅದನ್ನು ಯಾರೂ ಕಲಿಸಲಿಲ್ಲ. ಯಾಕೆ ಕಲಿಸುತ್ತಾರೆ?

ಪ್ರಮಿಳಾ ಹನ್ನೊಂದು ವರ್ಷದವಳಿದ್ದಾಗ ಹೊಳೆಗೆ ದೊಡ್ಡ ನೆರೆ ಬಂತು. ನೆರೆ ಇಳಿದಾಗ ಡಿಪೋದಲ್ಲಿ ಹನ್ನೊಂದು ದಿಮ್ಮಿ ಇರಲಿಲ್ಲ. ಇನ್ನೂರ ಹನ್ನೊಂದರಿಂದ ಇನ್ನೂರ ಇಪ್ಪತ್ತೊಂದರವರೆಗೆ, ಡಿಪೋದಲ್ಲೇ ಎತ್ತರದ ಸಾಗವಾನಿ. ಗುತ್ತಿಗೆದಾರ ಗುರುಪುತ್ರಪ್ಪ ವಿಚಾರಣೆಗೆ ಬಂದ ಚೌಕಶಿಯವರ ಮುಂದೆ ನಿಂತು ಹೇಳಿದ: "ನಾನ ಕಣ್ಣಾರೆ ಕಂಡೇನ್ರಿ. ಸೋಮ್ಯಾ ಅವಕ್ಕ ಪಾಸ್ ಹೊಡದು ಗೋವಾದ ಪಾರ್ಟಿಗೆ ಮಾರ್ಯಾನ." ಪಾಸಿನ ಸುತ್ತಿಗೆ ಇದ್ದದ್ದು ಸೋಮಲಿಂಗನ ಕೈಯಲ್ಲಿ. ದಿಮ್ಮಿಗಳಂತೂ ಸಿಗಲಿಲ್ಲ. ಸಾವಕಾರನ ಮಾತಿನ ಮುಂದೆ ಕಾವಲುಗಾರನ ಮಾತು ನಿಲ್ಲಲಿಲ್ಲ. ಆರು ತಿಂಗಳು ಜೈಲು, ನೌಕರಿಗೆ ಕತ್ತರಿ.

ಮರುವರ್ಷ ಖಾನಾಪುರದಲ್ಲಿ ಗುರುಪುತ್ರಪ್ಪನ ವಾಡೆ ಎದ್ದಿತು. ತಹಶೀಲ್ದಾರರ ಬಂಗಲೆಗಿಂತ ತನ್ನ ಪಡಸಾಲೆ ಎತ್ತರವಿರಬೇಕೆಂದು ಅವನ ಹಟ. ಎತ್ತರ ತಗ್ಗೀತೆಂದು, ಕಂಬಕ್ಕೆ ತಂದ ದಿಮ್ಮಿಗಳನ್ನು ಬುಡದಲ್ಲಿ ಒಂದು ಇಂಚೂ ಕೊಯ್ಯಬೇಡಿ ಎಂದು ಬಡಿಗೇರಿಗೆ ತಾಕೀತು ಮಾಡಿದನಂತೆ. ಕಂಬದ ಬುಡ ಕಲ್ಲಿನ ಮೇಲೆ ಕೂತ ಮೇಲೆ ಅದರಡಿ ಏನಿದೆಯೆಂದು ನೋಡುವವರಾರು? ಸೋಮಲಿಂಗ ಮಾತ್ರ ಬಾಯಿ ತೆರೆದಾಗೆಲ್ಲ ಅದನ್ನೇ ಹೇಳುತ್ತಿದ್ದ: "ನನ್ನ ದಿಮ್ಮಿ ಆ ಕಂಬದ ಬುಡದಾಗ ಅದಾವು." ಬೆಳಗಾವಿಗೆ ಬಂದು ನಾಟಾ ಅಡ್ಡೆಯಲ್ಲಿ ಹಮಾಲಿ ಮಾಡಿದ. ಸಂಜೆ ಮಕ್ಕಳಿಗೆ ಮಗ್ಗಿ ಹೇಳಿಸಿದ ಮೇಲೆ ಆ ಹನ್ನೊಂದು ನಂಬರನ್ನೂ ಹೇಳಿಸುತ್ತಿದ್ದ. ಏಳನೆಯ ವರ್ಷಕ್ಕೆ, ಕಳ್ಳನೆಂಬ ಹೆಸರು ಹೊತ್ತುಕೊಂಡೇ ಸತ್ತ. ಪ್ರಮಿಳಾಳನ್ನು ನೋಡಲು ಬಂದ ಎರಡು ಗಂಡುಗಳ ಕಡೆಯವರು ಖಾನಾಪುರದಲ್ಲಿ ವಿಚಾರಿಸಿ ಬಂದು ಹಿಂದೆ ಸರಿದರು. ಮೂರನೆಯವರು ಬರುವಷ್ಟರಲ್ಲಿ ಅವಳೇ ಒಲ್ಲೆ ಎಂದಳು.

ಮಂಗಳವಾರ ಅಳತೆಯ ಟೇಪು ಹಿಡಿದುಕೊಂಡು ಮತ್ತಿಗಾಳಿಗೆ ಹೋದಳು. ಗೌರೀಶ ಚಹಾ ತರಿಸಿದ, ಬಿಸಿಲೆಂದು ತಾನೇ ಕುರ್ಚಿ ಎತ್ತಿ ನೆರಳಿಗೆ ಇಟ್ಟ. ಪಾಪ ಅನ್ನಿಸಿತು. ಅನ್ನಿಸಿದ್ದಕ್ಕೇ ತನ್ನ ಮೇಲೆ ತನಗೆ ಸಿಟ್ಟು ಬಂತು. ಅವನು ಫೋನು ಹಿಡಿದು ಅತ್ತ ಹೋದಾಗ ಮಲಗಿಸಿದ ಕಂಬದ ಬುಡದ ಮುಂದೆ ಮೊಣಕಾಲೂರಿ ಕೂತಳು.

ಇನ್ನೂರ ಹದಿನೇಳು.

ಎಣ್ಣೆ ಕುಡಿದು ಹೊಳೆಯುವ ಕೆಂಪು ಮರದ ನಡುವೆ ನಂಬರಿತ್ತು, ಅದರ ಮೇಲೆ ಚೌಕದೊಳಗಿನ ಎಲೆ ಇತ್ತು. ಮಗ್ಗುಲಿಗೆ ಬರೀ ಮರ. ಬಾಜೂದ ಕಂಬಕ್ಕೆ ಹೋದಳು, ಇನ್ನೂರ ಹದಿಮೂರು. ಮೂರನೆಯದು ಇನ್ನೂರ ಇಪ್ಪತ್ತು. ಎಲ್ಲದರ ಮೇಲೂ ಒಂದೇ ಎಲೆ, ಗುಂಡಗಿನ ಮುದ್ರೆ ಒಂದರಲ್ಲೂ ಇಲ್ಲ. ಅಪ್ಪ ಪಾಸ್ ಹೊಡೆದಿರಲಿಲ್ಲ. ಇಷ್ಟು ವರ್ಷ ಸಾವಕಾರನ ಮಾಡು ಹೊತ್ತು ನಿಂತಿದ್ದ ಸಾಕ್ಷಿಗೆ ಅವನ ಮೊಮ್ಮಗನೇ ಪಾಲಿಶ್ ಮಾಡಿಸಿ ಲೈಟು ಬಿಟ್ಟಿದ್ದಾನೆ! ಅವಳಿಗೆ ನಗು ಬಂತು. ಆಮೇಲೆ ಕಣ್ಣು ಮಂಜಾದವು. ತೆಳು ಹಾಳೆ ಇಟ್ಟು ಪೆನ್ಸಿಲಿನಿಂದ ತಿಕ್ಕಿ ಮುದ್ರೆಯ ಪಡಿಯಚ್ಚು ತೆಗೆದುಕೊಂಡಳು.

ನೆಹರು ನಗರದ ಬಾಡಿಗೆ ಮನೆಯಲ್ಲಿ ಅವ್ವ ಸಿದ್ದಕ್ಕ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಎಂಬತ್ತು ತುಂಬಿದ ಮುದುಕಿ. ಆರು ತಿಂಗಳ ಹಿಂದೆ ಕಣ್ಣಿನ ಪೊರೆ ತೆಗೆಸಿಕೊಂಡು, ಡಾಕ್ಟರು ಅಕ್ಷರ ಓದಿ ಎಂದಾಗ, "ಸಣ್ಣಾಕಿ ಇದ್ದಾಗ ಕಲಸಬೇಕಿತ್ತು, ಈಗ್ಯಾಕ ಕೇಳ್ತೀಯೋ" ಎಂದು ಅವರನ್ನೇ ಗದರಿಸಿ ಬಂದವಳು. ಅಕ್ಷರ ಬಾರದಿದ್ದರೂ ಡಿಪೋಕ್ಕೆ ದಿನಾ ಬುತ್ತಿ ಒಯ್ದವಳಿಗೆ ಸುತ್ತಿಗೆಯ ಮುದ್ರೆ ಬರುತ್ತಿತ್ತು. ಹಾಳೆಯನ್ನು ಬೆಳಕಿಗೆ ಹಿಡಿದಳು.

"ಎಲಿ ಐತಿ. ಇನ್ನೊಂದ ಏಟ ಎಲ್ಲಿ?"

"ಇಲ್ಲ ಬೇ ಯವ್ವಾ. ಇದು ವಾಡೇದ ಕಂಬದ ಬುಡ. ಇನ್ನೂರ ಹದಿನೇಳು."

ಸಿದ್ದಕ್ಕ ಹಾಳೆಯ ಖಾಲಿ ಜಾಗವನ್ನು ಬೆರಳಿನಿಂದ ಸವರಿದಳು. "ಹೊಡದಿಲ್ಲ," ಎಂದಳು. "ನನ್ನ ಗಂಡ ಹೊಡದಿಲ್ಲ." ಬಳಿಕ ಸೆರಗಿನಿಂದ ಮುಖ ಒರೆಸಿಕೊಂಡು ಮಗಳತ್ತ ತಿರುಗಿದಳು. "ಪಮ್ಮಿ, ಕೋರ್ಟಿಗೆ ಹೋಗಬ್ಯಾಡ. ಪೇಪರಿನ್ಯಾಗೂ ಹಾಕಸಬ್ಯಾಡ. ಆ ಸುಳ್ಳು ಅವನ ಬಾಯಿಂದ ಹೊಂಟಿತ್ತು. ಖರೇನೂ ಅವನ ಬಾಯಿಂದ ಬರಬೇಕು. ಮಂದಿ ನಡುವ. ಅವಾ ಸಾಯೂದ್ರಾಗ, ನಾ ಸಾಯೂದ್ರಾಗ."

ಅಂದು ಪ್ರಮಿಳಾ ಬರೆದ ಮೊದಲ ಬೋರ್ಡಿನಲ್ಲಿ ಗುರುಪುತ್ರಪ್ಪನ ಹೆಸರಿತ್ತು, ಕಳ್ಳ ಎಂಬ ಮಾತು ನಾಲ್ಕು ಸಲ ಇತ್ತು. ಕಲ್ಮೇಶ ಓದಿ ಹಣೆ ಬಡಿದುಕೊಂಡ.

"ಅಕ್ಕಾ, ಇದಕ್ಕ ಅವಾ ಸಹಿ ಹಾಕ್ತಾನೇನು? ಬಿಟ್ಟುಬಿಡು. ಹುಡುಗ್ಗ ಏನೂ ಗೊತ್ತಿಲ್ಲ. ಅಪ್ಪ ಹೋಗಿ ಎಷ್ಟ ವರ್ಷ ಆತು."

"ನಿನಗ ಆಗ ಮೂರು ವರ್ಷ ಕಲ್ಮ್ಯಾ. ಪೊಲೀಸ್ರು ಅಪ್ಪನ್ನ ಕೈಗೆ ಹಗ್ಗಾ ಕಟ್ಟಿ ಬಸ್ಸಿಗೆ ಹತ್ತಿಸೂದನ್ನ ನಾ ನೋಡೇನಿ. ಊರಿಗೆ ಊರ ನಿಂತು ನೋಡಾಕತ್ತಿತ್ತು."

ಕಲ್ಮೇಶ ಯಂತ್ರದ ಕಡೆ ಹೋದ. ಆದರೆ ಸಹಿಯ ಮಾತು ಅವಳ ತಲೆಯಲ್ಲಿ ಉಳಿಯಿತು. ಬೋರ್ಡಿನ ಅಂಗಡಿಗಳಲ್ಲಿ ಒಂದು ರೂಢಿ ಉಂಟು. ಅಚ್ಚಿಗೆ ಮೊದಲು ಗಿರಾಕಿ ನಮೂನೆ ಓದಿ, ಕೆಳಗೆ 'ಓಕೆ' ಎಂದು ಸಹಿ ಹಾಕಬೇಕು. ಆಮೇಲೆ ಏನೇ ಬಂದರೂ ಅದು ಅವನ ತಲೆಯ ಮೇಲೆ. ಪ್ರಮಿಳಾ ಬರೆದದ್ದನ್ನು ಅಳಿಸಿ ಹೊಸದಾಗಿ ಕೂತಳು. ಹೊಳೆಯ ಮೇಲೆ ಒಂದು ಬೋರ್ಡು, ಗಿರಣಿಗಳ ಮೇಲೆ ಒಂದು, ಹಮಾಲರ ಮೇಲೆ ಒಂದು, ಹೀಗೆ ಆರನ್ನು ಪ್ರೀತಿಯಿಂದಲೇ ಬರೆದಳು. ಅವಳ ಊರಲ್ಲವೇ ಅದು! ಮಲಗಿಸಿದ ಕಂಬಗಳ ಹತ್ತಿರ ನಿಲ್ಲಿಸುವ ಏಳನೆಯದರಲ್ಲಿ ಎರಡು ಮುದ್ರೆಗಳ ಚಿತ್ರ ಹಾಕಿ, ಕೆಳಗೆ ಇಷ್ಟು ಬರೆದಳು:

'ದಿಮ್ಮಿಯ ಬುಡವನ್ನು ನೋಡಿ, ನೀವೇ ಓದಿ. ಚೌಕದೊಳಗಿನ ಎಲೆ ಎಂದರೆ ಸರ್ಕಾರಿ ಡಿಪೋದ ಮಾಲು. ಅದರ ಮಗ್ಗುಲಿಗೆ ಗುಂಡಗಿನ ಮುದ್ರೆಯಿದ್ದರೆ ಹಣ ಕೊಟ್ಟು ಕೊಂಡ ಮಾಲು. ಎಲೆ ಇದ್ದು ಗುಂಡಗಿನ ಮುದ್ರೆ ಇಲ್ಲದಿದ್ದರೆ ಕಳುವಿನ ಮಾಲು. ಮತ್ತಿಗಾಳಿ ಡಿಪೋದಲ್ಲಿ ಹದಿಮೂರು ವರ್ಷ ಈ ಸುತ್ತಿಗೆಗಳನ್ನು ಹಿಡಿದವರು ಸೋಮಲಿಂಗ.'

ಗೌರೀಶ ಒಂದು ಕೈಯಲ್ಲಿ ಫೋನು ಹಿಡಿದೇ ಓದಿದ. "ಭಾರಿ ಆತ್ರಿ ಅಕ್ಕಾರ! ಮಂದಿ ತಾವ ಬಗ್ಗಿ ಹುಡಿಕಿ ಓದ್ತಾರ. ಈ ಸೋಮಲಿಂಗ ಯಾರ್ರಿ?"

"ಡಿಪೋದ ಮನಷ್ಯಾರ್ರಿ. ಒಂದ ಹೆಸರ ಇದ್ರ ಇತಿಹಾಸ ಖರೇ ಅನಸ್ತೈತಿ."

"ಹೌದ ಹೌದು," ಎಂದು ಏಳು ನಮೂನೆಗೂ ಸಹಿ ಎಳೆದ. ಮರಾಠಿ, ಇಂಗ್ಲಿಷಿನಲ್ಲೂ ಮಾಡಿಕೊಡಿ ಎಂದ. ಪ್ರಮಿಳಾ ಖುಷಿಯಿಂದ ಒಪ್ಪಿದಳು. ಓದಲಾಗಲಿಲ್ಲ ಎನ್ನುವವನು ಒಬ್ಬನೂ ಉಳಿಯಬಾರದು.

ಉದ್ಘಾಟನೆ ಭಾನುವಾರ ಮುಂಜಾನೆ. ಖಾನಾಪುರದ ವ್ಯಾಪಾರಸ್ಥರು, ಬೆಳಗಾವಿಯ ವಕೀಲರು, ಡಾಕ್ಟರರು, ಗೋವಾದಿಂದ ಬಂದ ಗೆಳೆಯರು, ಊರಿನ ಮೂವತ್ತು ಮನೆಯವರು, ಎಲ್ಲ ಸೇರಿ ಇನ್ನೂರು ಜನ. ಸಿದ್ದಕ್ಕ ಟ್ರಂಕಿನ ತಳದಿಂದ ತೆಗೆದ ಇಳಕಲ್ ಸೀರೆ ಉಟ್ಟು ಎರಡನೆಯ ಸಾಲಿನಲ್ಲಿ ಕೂತಳು. ಬೋರ್ಡಿನವರ ತಾಯಿ ಎಂದು ಗೌರೀಶನೇ ಕೈಹಿಡಿದು ಕೂರಿಸಿದ.

ಗುರುಪುತ್ರಪ್ಪನನ್ನು ಕಾರಿನಿಂದ ಇಳಿಸಿ ಗಾಲಿಕುರ್ಚಿಯಲ್ಲಿ ತಂದರು. ಮೊಣಕಾಲು ಹೋಗಿದ್ದವು, ಕಣ್ಣು ಕಿವಿ ಮಾತ್ರ ಚುರುಕು. ಜನ ಸಾಲುಗಟ್ಟಿ ಕಾಲು ಮುಟ್ಟಿ, "ನೂರು ವರ್ಷ ಬಾಳ್ರಿ ಸಾವ್ಕಾರ್ರ" ಎನ್ನುತ್ತಿದ್ದರು. ಮುದುಕ ಕೈ ಎತ್ತಿ ಎತ್ತಿ ಹರಸುತ್ತಿದ್ದ. ಕುರ್ಚಿ ಹಾದಿಯ ತಿರುವಿಗೆ ಬಂತು. ಮಲಗಿದ ಕಂಬಗಳು ಕಂಡವು. ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು.

"ಇವನ್ಯಾಕ ಮಲಗ್ಸೀದಿ?"

"ಸರ್ಪ್ರೈಜ್ ಅಜ್ಜಾ! ನಮ್ಮ ವಾಡೇದ ಕಂಬ."

"ಜಮಖಾನಿ ತರಸು. ಹೊಚ್ಚು ಇವಕ್ಕ."

ಎಲ್ಲಿ ಗೀರು ಬೀಳುತ್ತದೋ ಎಂದು ಅಜ್ಜನಿಗೆ ಚಿಂತೆ ಎಂದುಕೊಂಡು ಗೌರೀಶ ನಕ್ಕ. ಮೈಕು ಕೈಗೆತ್ತಿಕೊಂಡು ಏಳನೆಯ ಬೋರ್ಡಿನ ಮುಂದೆ ನಿಂತು ಗಟ್ಟಿಯಾಗಿ ಓದಿದ, ಎಲೆಯಿಂದ ಹಿಡಿದು ಸೋಮಲಿಂಗನ ಹೆಸರಿನವರೆಗೆ. ಓದಿ, "ಬರ್ರಿ, ಎಲ್ಲಾರೂ ಹುಡುಕ್ರಿ" ಎಂದು ಕರೆದ. ಜನ ಮೊಬೈಲು ಹಿಡಿದು ಬಗ್ಗಿದರು. ಅವನೂ ಬಗ್ಗಿದ.

"ಇಲ್ಲಿ ಎಲಿ ಐತಿ ನೋಡ್ರಿ. ಗುಂಡಂದು... ಬರ್ರಿ, ಇದರಾಗ ನೋಡೂಣು." ಎರಡನೆಯ ಕಂಬಕ್ಕೆ ಹೋದ. ಮೂರನೆಯದಕ್ಕೆ ಹೋದ. ತಿರುಗಿ ಮೊದಲನೆಯದಕ್ಕೆ ಬಂದ. ಗೋವಾದ ಹೆಂಗಸೊಬ್ಬಳು ಬೋರ್ಡಿನ ಮರಾಠಿಯನ್ನು ಮೆಲ್ಲಗೆ ಇನ್ನೊಮ್ಮೆ ಓದಿ ಪಕ್ಕದವಳ ಮುಖ ನೋಡಿದಳು. ನಗೆ, ಗದ್ದಲ ಒಂದೊಂದಾಗಿ ಇಳಿದವು. ಗೌರೀಶ ಕೈಯಲ್ಲಿ ಮೈಕಿದೆ ಎನ್ನುವುದನ್ನೂ ಮರೆತು ಅಜ್ಜನ ಕುರ್ಚಿಯ ಹತ್ತಿರ ಬಂದು ಬಗ್ಗಿದ.

"ಅಜ್ಜಾ, ಗುಂಡಂದು ಎಲ್ಲೈತಿ?"

ಆ ಪ್ರಶ್ನೆ ರಸ್ತೆಯವರೆಗೂ ಕೇಳಿಸಿತು.

"ಯಾರ ಬರದಾರ ಇದನ್ನ?" ಎಂದ ಗುರುಪುತ್ರಪ್ಪ.

ಪ್ರಮಿಳಾ ಮುಂದೆ ಬಂದಳು. ಎಷ್ಟೋ ವರ್ಷ ಕನ್ನಡಿಯ ಮುಂದೆ ನಿಂತು ಹೇಳಿ ರೂಢಿ ಮಾಡಿಕೊಂಡ ಬೈಗುಳಗಳು ಒಂದೂ ಬೇಕಾಗಲಿಲ್ಲ. "ನಾನ್ರೀ. ಸೋಮಲಿಂಗನ ಮಗಳು."

ಹಿಂದಿನಿಂದ ಸಿದ್ದಕ್ಕ ಎದ್ದಳು. ಜನ ತಾವಾಗಿ ದಾರಿ ಬಿಟ್ಟರು. "ಸಾವ್ಕಾರ್ರ, ಕಣ್ಣಾರೆ ಕಂಡೇನಿ ಅಂದಿದ್ರಿ. ಸೋಮ್ಯಾ ಪಾಸ್ ಹೊಡದಾನ ಅಂದಿದ್ರಿ. ತೋರಸ್ರಿ, ಎಲ್ಲಿ ಹೊಡದಾನ?"

ಮುದುಕನ ದವಡೆ ಅಲುಗಿತು. ಸುಮ್ಮನಿದ್ದರೆ ಉಳಿಯುತ್ತಿದ್ದನೇನೋ. ಆದರೆ ತೊಂಬತ್ತು ವರ್ಷ ಎದುರು ಮಾತು ಕೇಳದವನು, ಕಾವಲುಗಾರನ ಹೆಂಡತಿ ಮಂದಿಯ ನಡುವೆ ಲೆಕ್ಕ ಕೇಳಿದ್ದನ್ನು ಹೇಗೆ ಸಹಿಸಿಯಾನು?

"ಹೊಡೀಲಿಲ್ಲ ಅವಾ!" ಎಂದು ಕುರ್ಚಿಯ ಕೈ ಗುದ್ದಿದ. "ಮೂರು ಸಲ ಕೇಳಿದ್ನಿ. ಅವನ ಮನೀ ಬಾಗಲಕ್ಕ ಹೋಗಿ ಕೇಳಿದ್ನಿ, ನಾನು, ಗುರುಪುತ್ರಪ್ಪ! ಎರಡ ಎಕರೆ ಹೊಲಾ ಕೊಡ್ತೇನಿ ಅಂದ್ನಿ. ಒಂದ ಏಟ ಹೊಡಿಯಾಕ ಏನಾಗಿತ್ತು ಅವಗ? ಹೊಡದಿದ್ರ ಅವನೂ ಬದಕತಿದ್ದ, ನಾನೂ ನೆರೀ ಹೊಳ್ಯಾಗ ದಿಮ್ಮಿ ಬಿಡೂ ಪ್ರಸಂಗ ಬರ್ತಿರಲಿಲ್ಲ!"

ಗೌರೀಶನ ಕೈಯ ಮೈಕು ಒಂದು ಮಾತನ್ನೂ ಬಿಡದೆ ಎಲ್ಲರಿಗೂ ಮುಟ್ಟಿಸಿತು. ಎಷ್ಟೋ ಮೊಬೈಲುಗಳು ಆಗಲೇ ಮುದುಕನ ಕಡೆ ತಿರುಗಿದ್ದವು.

ಗೌರೀಶ ಪ್ರಮಿಳಾಳ ಹತ್ತಿರ ಬಂದು ಪಿಸುಗುಟ್ಟಿದ: "ಅಕ್ಕಾರ, ಕೈಮುಗೀತೇನಿ. ಬೋರ್ಡ್ ತಗಸಿಬಿಡ್ರಿ."

ಅವಳು ಚೀಲದಿಂದ ಸಹಿಯ ಹಾಳೆ ತೆಗೆದು ಅವನ ಕೈಗಿಟ್ಟಳು. "ಓದಿ ಸಹಿ ಮಾಡಿದವ್ರು ನೀವ. ಬೋರ್ಡ್ ನಿಮ್ಮದು, ತಗೀರಿ. ಯಾಕ ತಗದ್ರಿ ಅಂತ ಈ ಮಂದಿಗೆ ನೀವ ಹೇಳ್ರಿ."

ಗೌರೀಶ ಜನರ ಕಡೆ ನೋಡಿದ, ಅಜ್ಜನ ಕಡೆ ನೋಡಿದ. ಬೋರ್ಡಿಗೆ ಯಾರೂ ಕೈ ಹಚ್ಚಲಿಲ್ಲ.

ಸಿದ್ದಕ್ಕ ಮಾತ್ರ ನಿಧಾನವಾಗಿ ನಡೆದು ಗಾಲಿಕುರ್ಚಿಯ ಮುಂದೆ ಬಂದಳು. ಹೊಡೆಯುತ್ತಾಳೇನೋ ಎಂದು ಇಬ್ಬರು ಅಡ್ಡ ಬಂದರು. ಅವಳು ಎರಡೂ ಕೈ ಚಾಚಿ, ಮನೆಮಕ್ಕಳಿಗೆ ದೃಷ್ಟಿ ತೆಗೆಯುವಂತೆ ಮುದುಕನ ಮುಖಕ್ಕೆ ನಿವಾಳಿಸಿ, ತನ್ನ ಕಪಾಳಕ್ಕೆ ಬೆರಳೊತ್ತಿ ಲಟಲಟ ನೆಟಿಗೆ ಮುರಿದಳು.

"ನೂರು ವರ್ಷ ಬಾಳ್ರಿ ಸಾವ್ಕಾರ್ರ," ಎಂದಳು. "ಇನ್ನೂ ಹತ್ತು ವರ್ಷ ಅದಾವು. ಗೋವಾಕ್ಕ ಹೋಗೂ ಮಂದಿ ದಿನಾ ಇಲ್ಲೆ ಇಳೀತಾರ. ಓದ್ತಾರ. ಬಗ್ಗಿ ಹುಡುಕ್ತಾರ. ನೀವು ಕುಂತು ಕೇಳ್ರಿ."

ಗುರುಪುತ್ರಪ್ಪ ಕಣ್ಣು ಮುಚ್ಚಿಕೊಂಡ. ಸಿದ್ದಕ್ಕ ಹಿಂದೆ ಸರಿದು, ಇನ್ನೂರ ಹದಿನೇಳರ ಮೇಲೆ ಕಾಲು ಇಳಿಬಿಟ್ಟು ಕೂತಳು. ಏಳು ಎನ್ನುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.